ಸ್ವರಾತ್ಮ ಮತ್ತು ಕನ್ನಡದ ಜಾನಪದ ರಾಕ್

ಸ್ವರಾತ್ಮ ಬೆಂಗಳೂರಿನ ಸ್ವತಂತ್ರ ಜಾನಪದ ರಾಕ್ ತಂಡ. 2002ರಲ್ಲಿ ಹುಟ್ಟಿ 2006ರ ಹೊತ್ತಿಗೆ ಹೊಸ ರೂಪ ಪಡೆದ ಈ ತಂಡ ಕನ್ನಡದಲ್ಲೂ ಹಿಂದಿಯಲ್ಲೂ ಹಾಡುತ್ತ ಬಂದಿದೆ. ‘ಸ್ವರಾತ್ಮ’ (2009), ‘ಟೋಪಿವಾಲೇ’ (2012), ‘ರಾಹ್-ಎ-ಫಕೀರಾ’ (2018) ಇದರ ಮುಖ್ಯ ಆಲ್ಬಮ್‌ಗಳು. ತಂಡದ ಹಾಡುಗಾರ ವಾಸು ದೀಕ್ಷಿತ್ ಅವರ ಅಣ್ಣ ರಘು ದೀಕ್ಷಿತ್ 2005ರಲ್ಲಿ ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಇದೇ ಕಾಲದಲ್ಲಿ ಬೆಳೆದ ಇನ್ನೊಂದು ತಂಡ. ಕನ್ನಡದಲ್ಲಿ ರಾಕ್ ಹಾಡಬಹುದು, ಸಿನಿಮಾದ ಹಂಗಿಲ್ಲದೆ ಅದಕ್ಕೆ ಕೇಳುಗರನ್ನು ಕೂಡಿಸಬಹುದು ಎಂದು ತೋರಿಸಿಕೊಟ್ಟ ಶ್ರೇಯಸ್ಸು ಬಹುಪಾಲು ಈ ಎರಡು ತಂಡಗಳದ್ದು. ಅವುಗಳ ನಾದದ ಬೇರು ಹುಡುಕಿಕೊಂಡು ಹೋಗುವವರು ಬೆಂಗಳೂರು, ಮೈಸೂರು ದಾಟಿ ಧಾರವಾಡ, ರಾಯಚೂರು, ಬಳ್ಳಾರಿಯ ಕಡೆಗೆ ನಡೆಯಬೇಕಾಗುತ್ತದೆ. ಆ ದಾರಿ ರಾಜ್ಯದ ಗಡಿಗೆ ಬಂದು ನಿಲ್ಲುವುದಿಲ್ಲ; ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗಕ್ಕೆ, ಆದೋನಿ, ಆಲೂರು, ಚಿಪ್ಪಗಿರಿ, ಮಂತ್ರಾಲಯದ ಸೀಮೆಗೆ ದಾಟುತ್ತದೆ.

ಹಿನ್ನೆಲೆ

ಬೆಂಗಳೂರಿಗೆ ರಾಕ್ ಬಂದದ್ದು ಇಂಗ್ಲಿಷಿನಲ್ಲಿ. ದಂಡು ಪ್ರದೇಶದ ಕ್ಲಬ್ಬುಗಳು, ಮಿಷನ್ ಶಾಲೆ-ಕಾಲೇಜುಗಳು ಅದರ ಮೊದಲ ನೆಲೆ. 1970 ಮತ್ತು 1971ರಲ್ಲಿ ಸಿಗರೇಟು ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಯ ಕಾಲದಲ್ಲೇ ದೇಶದ ದೊಡ್ಡ ಊರುಗಳ ಹುಡುಗರು ಗಿಟಾರ್ ಹಿಡಿದಿದ್ದರು. 1990ರ ದಶಕದ ನಡುವಿನಿಂದ ಪ್ರತಿ ಆಗಸ್ಟ್ 15ಕ್ಕೆ ಬೆಂಗಳೂರಿನಲ್ಲಿ ‘ಫ್ರೀಡಂ ಜ್ಯಾಮ್’ ಎಂಬ ಉಚಿತ ಸಂಗೀತ ಕೂಟ ನಡೆಯತೊಡಗಿತು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಗೆಳೆಯರು ಕಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡ ಬೇರೆಯವರ ಹಾಡುಗಳನ್ನು ಬಿಟ್ಟು ಸ್ವಂತ ಹಾಡುಗಳನ್ನೇ ಹಾಡುತ್ತೇವೆಂದು ಹಟ ಹಿಡಿದು ಗೆದ್ದಿತು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ದೇಶದ ಮೂಲೆಮೂಲೆಯಿಂದ ಜನ ಸೇರಿದರು. ಆ ಹೊತ್ತಿಗೆ ಬೆಂಗಳೂರು ಭಾರತದ ರಾಕ್ ರಾಜಧಾನಿ ಎನಿಸಿಕೊಂಡಿತ್ತು. ಆದರೆ ಈ ಇಡೀ ಸಂಭ್ರಮದಲ್ಲಿ ಕನ್ನಡ ಇರಲೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು.

ಬೇರೆ ಭಾಷೆಗಳಲ್ಲಿ ಹೀಗಿರಲಿಲ್ಲ. ಕೋಲ್ಕತ್ತದಲ್ಲಿ 1970ರ ದಶಕದಲ್ಲೇ ‘ಮೊಹೀನೇರ್ ಘೋಡಾಗುಲಿ’ ತಂಡ ಬಂಗಾಳಿಯಲ್ಲಿ ರಾಕ್ ಹಾಡಿತು. ಬಾವುಲರ ಪದ ಅದರ ಮೈಯಲ್ಲಿತ್ತು. ದೆಹಲಿಯ ‘ಇಂಡಿಯನ್ ಓಷನ್’ 1990ರಲ್ಲಿ ಶುರುವಾಗಿ 2000ದಲ್ಲಿ ‘ಕಂದಿಸಾ’ ಹೊರತಂದಿತು. ಮಲಯಾಳದಲ್ಲಿ ‘ಅವಿಯಲ್’ 2003ರಲ್ಲಿ ಹುಟ್ಟಿತು. ಕನ್ನಡ ಯಾಕೆ ಹಿಂದೆ ಉಳಿಯಿತು? ಕನ್ನಡಕ್ಕೆ ಆ ಹಸಿವು ಬೇರೊಂದು ಕಡೆ ತೀರುತ್ತಿತ್ತು ಎಂಬುದೇ ಸರಿಯಾದ ಉತ್ತರವೆಂದು ತೋರುತ್ತದೆ. ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥರವರೆಗೆ ಬೆಳೆದ ಸುಗಮ ಸಂಗೀತ ಕವಿತೆಯನ್ನು ಸಿನಿಮಾದ ಹೊರಗೆ, ಸಾವಿರಾರು ಜನರ ಮುಂದೆ ಹಾಡುವ ಪದ್ಧತಿಯನ್ನು ಆಗಲೇ ಕಟ್ಟಿಕೊಟ್ಟಿತ್ತು. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಬ್ಬರ, ಬಂಡಾಯ, ಒಟ್ಟಾಗಿ ಹಾಡುವ ಸುಖ, ಎಲ್ಲವೂ ಅಲ್ಲಿತ್ತು. ಸಿನಿಮಾದ ಕಡೆಯಿಂದ ನೋಡಿದರೆ, ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981) ಚಿತ್ರಕ್ಕೆ ಇಳಯರಾಜಾ ಕೊಟ್ಟ ಸಂಗೀತದಲ್ಲಿ ಗಿಟಾರ್, ಡ್ರಮ್ಸ್‌ಗಳ ಯುವಕರ ದನಿ ಕನ್ನಡದ ಮನೆಮನೆಗೂ ಮುಟ್ಟಿತ್ತು.

ಮೈಸೂರಿನ ಕಿವಿಯ ಕಥೆ ಇನ್ನೂ ಹಳೆಯದು. ಅಲ್ಲಿನ ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ಬಾಲಕನಾಗಿದ್ದಾಗ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಪಿಟೀಲು ಯುರೋಪಿನಿಂದ ಬಂದು ಎರಡು ಶತಮಾನದಲ್ಲಿ ನಮ್ಮ ಕಚೇರಿಯ ಅಂಗವಾಯಿತು. ಹಾರ್ಮೋನಿಯಂ ಹಳ್ಳಿಯ ಭಜನೆ ಗುಡಿಯೊಳಗೇ ಹೋಗಿ ಕೂತಿತು. ಹೊರಗಿನ ವಾದ್ಯವನ್ನು ಒಳಗಿನದಾಗಿಸಿಕೊಳ್ಳುವುದು ಈ ನಾಡಿಗೆ ಹೊಸದಲ್ಲ. ಗಿಟಾರಿನ ಸರದಿ ತಡವಾಗಿ ಬಂತು, ಅಷ್ಟೆ.

ತಂಡಗಳ ಹುಟ್ಟು

ರಘು ದೀಕ್ಷಿತ್ 1974ರಲ್ಲಿ ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಭರತನಾಟ್ಯದಲ್ಲಿ ವಿದ್ವತ್ ಮಾಡಿದವರು, ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಕಾಲೇಜಿನ ಸಹಪಾಠಿಯೊಬ್ಬ ನೃತ್ಯವನ್ನು ಹೀಯಾಳಿಸಿ ಪಂದ್ಯ ಕಟ್ಟಿದ್ದಕ್ಕೆ ಗಿಟಾರ್ ಕಲಿಯಲು ಹೊರಟದ್ದಾಗಿ ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಮೊದಲ ತಂಡ ‘ಅಂತರಾಗ್ನಿ’. ಆ ತಂಡ ಒಡೆದ ಮೇಲೆ 2005ರಲ್ಲಿ ಬಂದದ್ದು ‘ಪ್ರಾಜೆಕ್ಟ್’. ಹಾಡುಗಾರ ಒಬ್ಬನೇ ಕೇಂದ್ರ. ಉಳಿದ ವಾದಕರು ಬಂದು ಸೇರಬಹುದು, ಬಿಟ್ಟು ಹೋಗಬಹುದು, ಮತ್ತೆ ಬರಬಹುದು ಎಂಬ ಏರ್ಪಾಟು ಅದು. 2008ರಲ್ಲಿ ವಿಶಾಲ್-ಶೇಖರ್ ಜೋಡಿಯ ಸಂಸ್ಥೆಯಿಂದ ಮೊದಲ ಆಲ್ಬಮ್ ಹೊರಬಂತು. ಅದೇ ವರ್ಷ ‘ಸೈಕೋ’ ಕನ್ನಡ ಚಿತ್ರಕ್ಕೂ, 2010ರಲ್ಲಿ ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಕ್ಕೂ ಅವರು ಸಂಗೀತ ಕೊಟ್ಟರು.

ಸ್ವರಾತ್ಮದ ಕಟ್ಟುವಿಕೆ ಬೇರೆ ರೀತಿಯದು. ವಾಸು ದೀಕ್ಷಿತ್ ಮತ್ತು ಗೆಳೆಯರು 2002ರಲ್ಲಿ ಶುರು ಮಾಡಿದ ಈ ತಂಡದಲ್ಲಿ ಮೊದಲ ಕೆಲವು ವರ್ಷ ಜನ ಬದಲಾಗುತ್ತಲೇ ಇದ್ದರು. ಮುಂದೆ ನೆಲೆಯೂರಿದ ತಂಡದಲ್ಲಿ ವಾಸು ಹಾಡಿಗೆ ಮತ್ತು ಅಕೌಸ್ಟಿಕ್ ಗಿಟಾರಿಗೆ, ಜಿಷ್ಣು ದಾಸ್‌ಗುಪ್ತ ಬೇಸ್ ಗಿಟಾರಿಗೆ, ವರುಣ್ ಮುರಳಿ ಲೀಡ್ ಗಿಟಾರಿಗೆ, ಸಂಜೀವ್ ನಾಯಕ್ ಪಿಟೀಲಿಗೆ, ಮಾಂಟ್ರಿ ಮ್ಯಾನುಯೆಲ್ ಡ್ರಮ್ಸ್‌ಗೆ, ಕೆ.ಜೆ. ಪವನ್ ಕುಮಾರ್ ತಾಳವಾದ್ಯಗಳಿಗೆ ನಿಂತರು. ಹೆಸರುಗಳನ್ನು ನೋಡಿದರೇ ತಿಳಿಯುತ್ತದೆ: ಬೇರೆಬೇರೆ ಮೂಲದವರು ಕೂಡಿದ ಬೆಂಗಳೂರಿನ ತಂಡ ಇದು. 2006ರಲ್ಲಿ ರೇಡಿಯೋ ಸಿಟಿ ನಡೆಸಿದ ತಂಡಗಳ ಸ್ಪರ್ಧೆಯನ್ನು ಗೆದ್ದ ಮೇಲೆ ಸ್ವರಾತ್ಮದ ಹೆಸರು ಊರಾಚೆ ಕೇಳಿಸತೊಡಗಿತು. 2009ರಲ್ಲಿ ಮೊದಲ ಆಲ್ಬಮ್ ಬಂತು. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಗೆ ದೇಶದಿಂದ ಆಯ್ಕೆಯಾದ ನಾಲ್ಕು ತಂಡಗಳಲ್ಲಿ ಸ್ವರಾತ್ಮವೂ ಒಂದಾಗಿ, ರೇಡಿಯೋಹೆಡ್‌ನಂಥ ತಂಡಗಳ ಆಲ್ಬಮ್‌ಗಳನ್ನು ರೂಪಿಸಿದ್ದ ಜಾನ್ ಲೆಕೀ ಅವರ ಜೊತೆ ಕೆಲಸ ಮಾಡಿ, ಬ್ರಿಟನ್ನಿನಲ್ಲಿ ಹಾಡಿ ಬಂತು.

ಅಣ್ಣನದು ಒಬ್ಬನ ದನಿಯ ಸುತ್ತ ಕಟ್ಟಿದ ಸಂಗೀತ, ತಮ್ಮನದು ಆರು ಜನ ಜಗಳವಾಡಿ ಒಪ್ಪಿಕೊಂಡ ಸಂಗೀತ. ಹಾಡುಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ.

ನಾದ ಬೆಳೆದ ಬಗೆ

ಜಾನಪದ ರಾಕ್ ಎಂದಾಗ ಹಳ್ಳಿಯ ಹಾಡೊಂದನ್ನು ಎತ್ತಿಕೊಂಡು ಹಿಂದೆ ಗಿಟಾರ್, ಡ್ರಮ್ಸ್ ಸೇರಿಸುವುದು ಎಂಬ ತಪ್ಪು ತಿಳಿವಳಿಕೆ ಇದೆ. ಹಾಗೆ ಮಾಡಿದ ಹಾಡುಗಳೂ ಬೇಕಾದಷ್ಟಿವೆ, ಅವು ನಿಲ್ಲುವುದಿಲ್ಲ. ಈ ಎರಡು ತಂಡಗಳು ಹಳೆಯ ಹಾಡಿನ ರಾಗ ಮಾತ್ರ ತೆಗೆದುಕೊಳ್ಳಲಿಲ್ಲ, ಅದು ಕಟ್ಟಿಕೊಂಡ ಬಗೆಯನ್ನೇ ತೆಗೆದುಕೊಂಡವು.

ಆ ಬಗೆ ಯಾವುದೆಂದು ತಿಳಿಯಲು ಉತ್ತರ ಕರ್ನಾಟಕದ ಒಂದು ಭಜನಾ ಮೇಳವನ್ನು ಹತ್ತಿರದಿಂದ ನೋಡಬೇಕು. ಗುಡಿಯ ಕಟ್ಟೆಯ ಮೇಲೆ ಏಳೆಂಟು ಜನ ದುಂಡಗೆ ಕೂತಿರುತ್ತಾರೆ. ಒಬ್ಬರ ಕೈಯಲ್ಲಿ ಏಕತಾರಿ, ಒಬ್ಬರ ಮುಂದೆ ಹಾರ್ಮೋನಿಯಂ, ಒಬ್ಬರ ಬಳಿ ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಹಿರಿಯ ಹಾಡುಗಾರ ಪಲ್ಲವಿಯನ್ನು ಒಮ್ಮೆ ತಾಳವಿಲ್ಲದೆ ಎಳೆದು ಹಾಡುತ್ತಾನೆ. ಎರಡನೇ ಸಲಕ್ಕೆ ದಮ್ಮಡಿ ಕೂಡಿಕೊಳ್ಳುತ್ತದೆ. ಮೂರನೇ ಸಲಕ್ಕೆ ಅವನು ಸಾಲಿನ ಕೊನೆಯನ್ನು ಬೇಕೆಂದೇ ಬಿಟ್ಟುಕೊಡುತ್ತಾನೆ. ಹಿಮ್ಮೇಳ ಅದನ್ನು ಎತ್ತಿಕೊಳ್ಳುತ್ತದೆ. ನುಡಿಯಿಂದ ನುಡಿಗೆ ಲಯ ಚುರುಕಾಗುತ್ತ ಹೋಗಿ, ಕೊನೆಯ ನುಡಿಗೆ ಬರುವಾಗ ತಾಳಗಳು ದುಪ್ಪಟ್ಟು ವೇಗದಲ್ಲಿರುತ್ತವೆ. ಆಮೇಲೆ ಒಮ್ಮೆಗೇ ನಿಲ್ಲುತ್ತದೆ. ಏಕತಾರಿಯ ಒಂದೇ ಸ್ವರ ಉಳಿಯುತ್ತದೆ.

ಇಷ್ಟನ್ನು ಕಣ್ಣಮುಂದೆ ಇಟ್ಟುಕೊಂಡು ಈ ತಂಡಗಳ ಹಾಡು ಕೇಳಿದರೆ ಅವರ ಕೆಲಸ ಅರ್ಥವಾಗುತ್ತದೆ. ಏಕತಾರಿಯ ಒಂದೇ ಸ್ವರವನ್ನು ಬೇಸ್ ಗಿಟಾರ್ ಮತ್ತು ಅಕೌಸ್ಟಿಕ್ ಗಿಟಾರಿನ ಬಿಟ್ಟ ತಂತಿಗಳು ಹೊತ್ತುಕೊಳ್ಳುತ್ತವೆ. ಹಾಗಾಗಿ ಪಾಶ್ಚಾತ್ಯ ಹಾಡಿನಂತೆ ಕಾರ್ಡ್‌ಗಳು ಪದೇಪದೇ ಬದಲಾಗುವುದಿಲ್ಲ, ಆಧಾರಶ್ರುತಿ ನಿಂತಿರುತ್ತದೆ. ತಾಳದ ಕೆಲಸ ಡ್ರಮ್ ಸೆಟ್ಟಿನ ಹೈಹ್ಯಾಟ್‌ಗೆ ಬರುತ್ತದೆ. ದಮ್ಮಡಿಯ ಜಾಗದಲ್ಲಿ ಡ್ರಮ್ಸ್ ಮತ್ತು ಕೈವಾದ್ಯ ಎರಡೂ ನಿಲ್ಲುತ್ತವೆ. ಸ್ವರಾತ್ಮದಲ್ಲಿ ಡ್ರಮ್ಸ್ ಮತ್ತು ತಾಳವಾದ್ಯಕ್ಕೆ ಇಬ್ಬರು ಬೇರೆಬೇರೆ ವಾದಕರು ಇದ್ದದ್ದು ಇದೇ ಕಾರಣಕ್ಕೆ ಮುಖ್ಯವಾಗುತ್ತದೆ. ಹಾರ್ಮೋನಿಯಂ ಹಾಡುಗಾರನನ್ನು ಬೆನ್ನಟ್ಟುವಂತೆ ಇಲ್ಲಿ ಪಿಟೀಲು ಬೆನ್ನಟ್ಟುತ್ತದೆ, ಎರಡು ನುಡಿಗಳ ನಡುವೆ ರಾಕ್‌ನ ಲೀಡ್ ಗಿಟಾರಿನ ಹಾಗೆ ಮುಂದೆ ಬಂದು ತಾನೇ ಹಾಡುತ್ತದೆ. ಹಿಮ್ಮೇಳ ಎತ್ತಿಕೊಳ್ಳುವ ಸಾಲನ್ನು ವೇದಿಕೆಯ ಮುಂದಿನ ಜನ ಎತ್ತಿಕೊಳ್ಳುತ್ತಾರೆ. ಲಯ ಏರುತ್ತ ಹೋಗಿ ತಟ್ಟನೆ ನಿಲ್ಲುವ ರಾಕ್‌ನ ಅಭ್ಯಾಸವೂ ಭಜನೆಯ ಅಭ್ಯಾಸವೂ ಮೊದಲೇ ಒಂದಾಗಿದ್ದವು. ಅವನ್ನು ಕೂಡಿಸುವ ಕಷ್ಟ ಅಲ್ಲಿ ಬೀಳಲಿಲ್ಲ.

ರಘು ದೀಕ್ಷಿತ್ ಕೈ ಹಾಕಿದ್ದು ನೇರವಾಗಿ ಶಿಶುನಾಳ ಷರೀಫರಿಗೆ (1819–1889). ಷರೀಫರ ತತ್ವಪದಗಳು 1980ರ ದಶಕದ ಕ್ಯಾಸೆಟ್ಟುಗಳಿಂದ, ಆಮೇಲೆ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ (1990) ಚಿತ್ರದಿಂದ ಅಶ್ವತ್ಥರ ದನಿಯಲ್ಲಿ ಕನ್ನಡಿಗರ ಕಿವಿಯಲ್ಲಿ ಆಗಲೇ ನೆಲೆಸಿದ್ದವು. ಅಶ್ವತ್ಥರು ಹಾಡಿದ ಹಾಡನ್ನು ಮತ್ತೆ ಹಾಡಲು ಎದೆಗಾರಿಕೆ ಬೇಕಿತ್ತು. ಮೊದಲ ಆಲ್ಬಮ್ಮಿನ ‘ಗುಡುಗುಡಿಯ ಸೇದಿ’ಯನ್ನು ರಘು ಬಿರುಸಾದ ಗಿಟಾರಿನ ಮೀಟಿನ ಮೇಲೆ ನಿಲ್ಲಿಸಿದರು, ‘ಸೋರುತಿಹುದು’ ಪದವನ್ನು ಮೆಲ್ಲಗೆ ಶುರು ಮಾಡಿ ಹಂತಹಂತವಾಗಿ ಏರಿಸಿದರು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಸೇರಿತು. ಅಶ್ವತ್ಥರ ಹಾಡಿನಲ್ಲಿ ಷರೀಫರು ಎದುರಿಗಿದ್ದವನನ್ನು ಗದರಿಸುವ ಗುರು. ರಘು ಅವರ ಹಾಡಿನಲ್ಲಿ ಅವರು ಜೊತೆಗೆ ಕುಣಿಯುವ ಗೆಳೆಯ. ಎರಡೂ ಷರೀಫರ ಪದಗಳೊಳಗೇ ಇವೆ. ಪಂಚೆ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುವ ರಘು ಅವರ ವೇಷಕ್ಕೆ ಭರತನಾಟ್ಯವೂ ಕಾರಣ, ಗೆಜ್ಜೆ ಕಟ್ಟಿ ಹಾಡಿದ ಹರಿದಾಸರ ನೆನಪೂ ಅದರಲ್ಲಿದೆ. 2010ರಲ್ಲಿ ಬಿಬಿಸಿಯ ‘ಲೇಟರ್... ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅವರ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು; 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಗ್ಗಾಂವಿ ಸೀಮೆಯ ಹಳ್ಳಿಯಲ್ಲಿ ಹುಟ್ಟಿದ ಪದಗಳನ್ನು ಕನ್ನಡದ ಒಂದಕ್ಷರ ಅರಿಯದ ಬ್ರಿಟನ್ನಿನ ಜನ ಕೇಳಿ ಕುಣಿದರು. ಆ ಹೆಮ್ಮೆಯಲ್ಲಿ ಷರೀಫರ ಪಾಲು ಮೊದಲಿನದು.

ಸ್ವರಾತ್ಮ ಷರೀಫರನ್ನು ನೆಚ್ಚಿಕೊಂಡು ನಿಲ್ಲಲಿಲ್ಲ. ಅವರು ಹೆಚ್ಚಾಗಿ ತಮ್ಮ ಹಾಡು ತಾವೇ ಬರೆದುಕೊಂಡರು. ಜಾನಪದದಿಂದ ಎರವಲು ಪಡೆದದ್ದು ಹೇಳುವ ಧೈರ್ಯವನ್ನು. ಮೊದಲ ಆಲ್ಬಮ್ಮಿನಲ್ಲಿ ಕನ್ನಡದ ‘ಈ ಭೂಮಿ’ ಇದೆ, ನದಿಯ ಬಾಯಾರಿಕೆಯನ್ನು ಹೇಳುವ ‘ಪ್ಯಾಸಿ’ ಇದೆ. ‘ಟೋಪಿವಾಲೇ’ಯ ಶೀರ್ಷಿಕೆ ಹಾಡು ಜನರಿಗೆ ಟೋಪಿ ಹಾಕುವ ರಾಜಕಾರಣಿಗಳ ಮೇಲಿನದು. ಅದೇ ಆಲ್ಬಮ್ಮಿನ ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ‘ಯೇಶು ಅಲ್ಲಾ ಔರ್ ಕೃಷ್ಣ’ ಮತದ ಹೆಸರಿನ ಗೋಡೆಗಳ ಬಗ್ಗೆ. ವೇದಿಕೆಯ ಮೇಲೆ ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಬರುತ್ತಾರೆ. ಜಾತ್ರೆಯಲ್ಲಿ ರಾಜ-ರಾಣಿಯ ವೇಷದವರು ಏರುವ ಅದೇ ಬಣ್ಣದ ಕುದುರೆ. ಸವಾರನ ಕಾಲೇ ಅದರ ಕಾಲು. ಗಿಟಾರ್ ಕೆಳಗಿಟ್ಟು ಕುದುರೆ ಕುಣಿಸುತ್ತ ಅವರು ಜನರ ನಡುವೆ ಇಳಿದಾಗ ಹಾಡು ಬೀದಿನಾಟಕದ ಹತ್ತಿರ ಬರುತ್ತದೆ. ಜನರನ್ನು ಮೊದಲು ನಗಿಸಿ, ನಕ್ಕವರ ಮುಂದೆ ‘ಘುಮ್’ನಂಥ ಹಾಡು ಇಡುವ ಕ್ರಮವನ್ನು ಅವರು ಜಾತ್ರೆಯ ಆಟದಿಂದಲೇ ಕಲಿತಿರಬೇಕು.

2011ರಲ್ಲಿ ‘ದಿ ದೆವಾರಿಸ್ಟ್ಸ್’ ಟಿ.ವಿ. ಸರಣಿಗಾಗಿ ಹಿಂದುಸ್ತಾನಿ ಗಾಯಕಿ ಶುಭಾ ಮುದ್ಗಲ್ ಜೊತೆಗೂಡಿ ಮಾಡಿದ ‘ದೂರ್ ಕಿನಾರಾ’ ಸ್ವರಾತ್ಮದ ನಾದ ಎಷ್ಟು ಹಿಗ್ಗಬಲ್ಲದು ಎಂಬುದನ್ನು ತೋರಿಸಿತು. ‘ರಾಹ್-ಎ-ಫಕೀರಾ’ ಹೊತ್ತಿಗೆ ತಂಡದ ದನಿಯಲ್ಲಿ ಅಬ್ಬರ ತಗ್ಗಿ, ಸೂಫಿ-ಫಕೀರರ ಅಲೆದಾಟದ ಧಾಟಿ ಸೇರಿತ್ತು. ವಾಸು ಬೇರೆಯಾಗಿ ಕಟ್ಟಿದ ‘ವಾಸು ದೀಕ್ಷಿತ್ ಕಲೆಕ್ಟಿವ್’ ಕನ್ನಡ ಜಾನಪದ, ದಾಸರ ಪದಗಳ ಕಡೆಗೆ ಇನ್ನಷ್ಟು ವಾಲಿದೆ. ಬೆಂಗಳೂರಿನಲ್ಲಿ 2003ರಿಂದ ಶಬನಮ್ ವಿರ್ಮಾನಿ ನಡೆಸಿದ ಕಬೀರ್ ಪ್ರಾಜೆಕ್ಟ್ ಈ ವಾತಾವರಣಕ್ಕೆ ಬಹಳ ಕೊಟ್ಟಿದೆ: ನಗರದ ಗಿಟಾರ್ ಹುಡುಗರು ಹಳ್ಳಿಯ ಹಾಡುಗಾರರ ಪಕ್ಕ ಕೂತು ಕಲಿಯುವುದು ಆ ಕೂಟಗಳಿಂದಾಗಿ ಸಹಜವಾಯಿತು.

ಮಾತಿನ ಲಯ

ಕನ್ನಡದಲ್ಲಿ ರಾಕ್ ಹಾಡುವವರಿಗೆ ಎದುರಾಗುವ ನಿಜವಾದ ತೊಡಕು ಭಾಷೆಯದು. ರಾಕ್‌ನ ಸಾಮಾನ್ಯ ನಡೆಯಲ್ಲಿ ನಾಲ್ಕು ಪೆಟ್ಟುಗಳಿದ್ದು, ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಬೀಳುತ್ತದೆ. ಇಂಗ್ಲಿಷ್ ಮಾತಿನಲ್ಲೇ ಒತ್ತು ಇರುವುದರಿಂದ ಪದಗಳು ಆ ಪೆಟ್ಟಿಗೆ ತಾವಾಗಿ ಹೋಗಿ ಕೂರುತ್ತವೆ. ಕನ್ನಡ ನಡೆಯುವುದು ಲಘು-ಗುರುಗಳ ಅಳತೆಯಲ್ಲಿ. ಮಾತಿನ ಮೊದಲ ಅಕ್ಷರಕ್ಕೆ ಸ್ವಲ್ಪ ತೂಕ. ಇಂಗ್ಲಿಷ್ ಧಾಟಿಗೆ ಕನ್ನಡದ ಸಾಲು ಹೊಂದಿಸಿದರೆ ದೀರ್ಘ ಹ್ರಸ್ವವಾಗಿ, ಹ್ರಸ್ವ ದೀರ್ಘವಾಗಿ ಮಾತು ಮುರಿಯುತ್ತದೆ. ಕೇಳುವವರಿಗೆ ಡಬ್ಬಿಂಗ್ ಚಿತ್ರದ ಹಾಡು ಕೇಳಿದಂತಾಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನಕ್ಕಾಗಿ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವಾಗ ಎದುರಿಸಿದ್ದೂ ಇದನ್ನೇ. ಅವರು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸದಾಗಿ ಜೋಡಿಸಿ ದಾರಿ ಕಂಡುಕೊಂಡರು; ಹೊಸಗನ್ನಡ ಕವಿತೆಯ ನಡೆ ಅಲ್ಲಿಂದಲೇ ಬಂತು.

ರಾಕ್ ತಂಡಗಳಿಗೆ ಆ ದಾರಿಯನ್ನು ತತ್ವಪದ ತೋರಿಸಿತು. ಅದು ಹಾಡುತ್ತಲೇ ಹುಟ್ಟಿದ ಸಾಹಿತ್ಯ. ತ್ರಿಪದಿಯ ಅಂಶಗಣದ ಹಾಗೆ ಅಲ್ಲಿ ಅಕ್ಷರಗಳನ್ನು ಎಳೆದು, ಕುಗ್ಗಿಸಿ ಹಾಡುವ ಸ್ವಾತಂತ್ರ್ಯ ಇದೆ. ಎಳೆದರೂ ಮಾತು ಕೆಡುವುದಿಲ್ಲ, ಯಾಕೆಂದರೆ ಎಲ್ಲಿ ಎಳೆಯಬೇಕೆಂಬುದು ತಲೆಮಾರುಗಳ ಬಾಯಲ್ಲಿ ತೀರ್ಮಾನವಾಗಿದೆ. ಆ ಜಾಡನ್ನು ಒಮ್ಮೆ ಕಲಿತವರು ಹೊಸ ಸಾಲು ಬರೆಯುವಾಗಲೂ ಅದೇ ಜಾಡಿನಲ್ಲಿ ಬರೆಯಬಲ್ಲರು. ‘ಈ ಭೂಮಿ’ಯಂಥ ಹಾಡು ಕನ್ನಡದ್ದೇ ಎನಿಸುವುದಕ್ಕೆ ಪದಕೋಶಕ್ಕಿಂತ ಈ ನಡೆ ಮುಖ್ಯ ಕಾರಣ. ಕನ್ನಡದಲ್ಲಿ ಹೊಸದಾಗಿ ತಂಡ ಕಟ್ಟುವವರು ಗಿಟಾರಿನ ಪಾಠಕ್ಕೆ ಕೊಡುವಷ್ಟೇ ಸಮಯವನ್ನು ತತ್ವಪದ ಹಾಡಲು ಕಲಿಯುವುದಕ್ಕೂ ಕೊಡಬೇಕು.

ವೇದಿಕೆ ಮತ್ತು ಬದುಕು

ಸ್ವತಂತ್ರ ತಂಡಕ್ಕೆ ಹೊಟ್ಟೆಪಾಡು ಕಾರ್ಯಕ್ರಮಗಳಿಂದಲೇ ನಡೆಯಬೇಕು. ಆಲ್ಬಮ್ ಮಾರಾಟದಿಂದ ಅಲ್ಲ. ಕಾಲೇಜು ಉತ್ಸವಗಳು, ಕಂಪನಿಗಳ ಸಮಾರಂಭಗಳು, ಬೆಂಗಳೂರಿನ ಇಂದಿರಾನಗರ, ವೈಟ್‌ಫೀಲ್ಡ್‌ನ ಸಂಗೀತ ಮಂದಿರಗಳು, ಮೈಸೂರಿನ ಯುವ ದಸರಾ, 2010ರಲ್ಲಿ ಪುಣೆಯಲ್ಲಿ ಶುರುವಾದ ‘ಎನ್‌ಎಚ್7 ವೀಕೆಂಡರ್’ನಂಥ ಉತ್ಸವಗಳು ಈ ತಂಡಗಳನ್ನು ಪೊರೆದವು. ಕನಕಪುರ ರಸ್ತೆಯ ಫೈರ್‌ಫ್ಲೈಸ್ ಆಶ್ರಮದಲ್ಲಿ ಆಲದ ಮರದಡಿ ರಾತ್ರಿಯಿಡೀ ನಡೆಯುತ್ತಿದ್ದ ಸಂಗೀತೋತ್ಸವದಲ್ಲಿ ಜಾನಪದ ಹಾಡುಗಾರರೂ ರಾಕ್ ತಂಡಗಳೂ ಒಂದೇ ವೇದಿಕೆ ಏರುತ್ತಿದ್ದರು. ಇನ್ನೊಂದು ಕಡೆ, ಬೆಂಗಳೂರಿನ ಹೋಟೆಲು-ಪಬ್ಬುಗಳಲ್ಲಿ ನೇರ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಸಣ್ಣ ವೇದಿಕೆಗಳು ಕಡಿಮೆಯಾದವು. ಹೊಸ ತಂಡಗಳು ತಪ್ಪು ಮಾಡುತ್ತ ಕಲಿಯುವುದು ಸಣ್ಣ ವೇದಿಕೆಗಳಲ್ಲೇ ಆದ್ದರಿಂದ ಅದು ನಿಜವಾದ ನಷ್ಟ.

ಆದೋನಿ ಸೀಮೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಯಿತು. ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. 2022ರ ಏಪ್ರಿಲ್‌ನಲ್ಲಿ ಕರ್ನೂಲು ಜಿಲ್ಲೆಯಿಂದ ನಂದ್ಯಾಲ ಬೇರೆಯಾದ ಮೇಲೆ ಆದೋನಿ ಈಗಿನ ಚಿಕ್ಕ ಕರ್ನೂಲು ಜಿಲ್ಲೆಯ ಒಂದು ಕಂದಾಯ ವಿಭಾಗ. ಹತ್ತಿ ಮಾರುಕಟ್ಟೆಗೆ ಹೆಸರಾದ ಊರು. ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬಾಯಲ್ಲಿರುತ್ತವೆ. ಶ್ರಾವಣದಲ್ಲಿ ಉರುಕುಂದ ಈರಣ್ಣನ ಸನ್ನಿಧಿಗೆ ಕರ್ನಾಟಕದ ಜಿಲ್ಲೆಗಳಿಂದ ಜನ ಹರಿದು ಬರುತ್ತಾರೆ, ಮಂತ್ರಾಲಯಕ್ಕಂತೂ ವರ್ಷವಿಡೀ. ಹಾಡುಗಳು ಇವರ ಜೊತೆ ಗಡಿ ದಾಟುತ್ತಲೇ ಇರುತ್ತವೆ.

ಕನ್ನಡದ ಜಾನಪದ ರಾಕ್ ಕಟ್ಟಿಕೊಂಡಿರುವ ಸಂಪ್ರದಾಯದ ಇನ್ನೊಂದು ಮುಖ, ಮತ ಮೀರಿದ ಗುರು-ಶಿಷ್ಯ ಸಂಬಂಧ, ಈ ಸೀಮೆಯ ಸುತ್ತ ಇದೆ. ಷರೀಫರು ಮುಸ್ಲಿಂ ಶಿಷ್ಯ, ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣ. ಹಳೆಯ ಕರ್ನೂಲು ಜಿಲ್ಲೆಯ ಬನಗಾನಪಲ್ಲೆಯಲ್ಲಿ ನೆಲೆಸಿದ್ದ ತೆಲುಗು ಸಂತ ಪೋತುಲೂರಿ ವೀರಬ್ರಹ್ಮಂ ಅವರ ಅಚ್ಚುಮೆಚ್ಚಿನ ಶಿಷ್ಯ ಸಿದ್ಧಯ್ಯ ದೂದೇಕುಲ, ಎಂದರೆ ಹತ್ತಿ ಹಿಂಜುವ ಮುಸ್ಲಿಂ ಸಮುದಾಯದವನು. ತೆಲುಗಿನ ತತ್ತ್ವಗಳನ್ನೂ ಕನ್ನಡದ ತತ್ವಪದಗಳನ್ನೂ ಇಲ್ಲಿ ಒಂದೇ ಏಕತಾರಿಯ ಮೇಲೆ ಹಾಡಬಹುದು. ಮೊಹರಂ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ ಹೆಜ್ಜೆಮೇಳ ಕಟ್ಟಿ ಹಾಡುವ ರಿವಾಯತ್ ಪದಗಳೂ ಇದೇ ಬಳ್ಳಿಯವು. ಷರೀಫರೂ ಅವನ್ನು ಬರೆದಿದ್ದಾರೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಕನ್ನಡದ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಹೊರತಂದಿದೆ. ಪಠ್ಯ ಅಚ್ಚಿನಲ್ಲಿ ಉಳಿದಿದೆ. ಧಾಟಿ ಮಾತ್ರ ಹಾಡುವವರ ಬಾಯಲ್ಲೇ ಉಳಿಯುವಂಥದ್ದು. ಆದೋನಿ, ಕೋಸಿಗಿ, ಹೊಳಗುಂದದ ಕಡೆಯ ಭಜನಾ ಮೇಳಗಳ ಧ್ವನಿಮುದ್ರಣ ಕರ್ನಾಟಕದ ಯಾವ ಯೋಜನೆಯ ಕಣ್ಣಿಗೂ ಬೀಳದಂತೆ ಆಗಬಾರದು; ಗಡಿ ಆಡಳಿತದ್ದು, ಹಾಡಿನದಲ್ಲ.

ಚಿಪ್ಪಗಿರಿಯನ್ನು ಬೇರೆಯಾಗಿಯೇ ಹೇಳಬೇಕು. ಗುಂತಕಲ್ಲಿಗೆ ಹತ್ತಿರದ, ಕರ್ನೂಲು ಜಿಲ್ಲೆಯ ಈ ಊರಿನಲ್ಲಿ ಹರಿದಾಸ ಪರಂಪರೆಯ ವಿಜಯದಾಸರು (1682–1755) ತಮ್ಮ ಕೊನೆಯ ಕಾಲ ಕಳೆದರು. ಹುಟ್ಟಿದ್ದು ರಾಯಚೂರು ಜಿಲ್ಲೆಯ ಚೀಕಲಪರ್ವಿಯಲ್ಲಿ. ‘ವಿಜಯವಿಠಲ’ ಅಂಕಿತದ ಅವರು ಸುಳಾದಿಗಳಿಗೇ ಹೆಸರಾದವರು. ಸುಳಾದಿಯಲ್ಲಿ ಒಂದೇ ಪಲ್ಲವಿ ಮರಳಿ ಮರಳಿ ಬರುವುದಿಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಖಂಡದಿಂದ ಖಂಡಕ್ಕೆ ನಡೆ ಬದಲಾಗುತ್ತದೆ. ಕೊನೆಗೆ ಎರಡು ಸಾಲಿನ ಜತೆ ಬಂದು ಮುಗಿಯುತ್ತದೆ. ಹದಿನಾಲ್ಕು ಅಕ್ಷರದ ಧ್ರುವದಿಂದ ಹತ್ತಕ್ಕೆ, ಆರಕ್ಕೆ, ಏಳಕ್ಕೆ ಜಿಗಿಯುವ ಈ ರಚನೆ ಒಂದು ವಾದವನ್ನೋ ಒಂದು ಕಾಣ್ಕೆಯನ್ನೋ ಹಂತಹಂತವಾಗಿ ಬೆಳೆಸುತ್ತ ಹೋಗುತ್ತದೆ. ಪ್ರೋಗ್ರೆಸಿವ್ ರಾಕ್ ಎಂಬ ಪ್ರಕಾರ 1970ರ ದಶಕದಿಂದ ಹುಡುಕುತ್ತಿರುವುದು ಇಂಥದ್ದನ್ನೇ: ಒಂದು ದೀರ್ಘ ಹಾಡಿನೊಳಗೆ ಬದಲಾಗುವ ತಾಳ, ಬದಲಾಗುವ ಭಾವ. ಕರ್ನಾಟಕ ಸಂಗೀತದ ದೊಡ್ಡ ಕೃತಿಗಳು ರಾಕ್‌ನ ಒಳಗೆ ನಿಲ್ಲುತ್ತವೆ ಎಂಬುದನ್ನು 2003ರಲ್ಲಿ ಹುಟ್ಟಿದ ಬೆಂಗಳೂರಿನ ‘ಅಗಂ’ ತಂಡ ಹರೀಶ್ ಶಿವರಾಮಕೃಷ್ಣನ್ ಅವರ ಗಾಯನದಲ್ಲಿ ತೋರಿಸಿದೆ. ಸುಳಾದಿಯ ಕಡೆಗೆ ಮಾತ್ರ ರಾಕ್ ತಂಡಗಳ ಗಮನ ಇನ್ನೂ ಸರಿಯಾಗಿ ಹರಿದಿಲ್ಲ.

ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್‌ಗಳು ತತ್ವಪದದ ಪಲ್ಲವಿಯನ್ನು, ಕೂಡಿ ಹಾಡುವ ಸುಖವನ್ನು ಚೆನ್ನಾಗಿ ದುಡಿಸಿಕೊಂಡಿವೆ. ಮುಂದಿನ ತಲೆಮಾರು ಅದನ್ನೇ ಮತ್ತೆ ಮಾಡಬೇಕಿಲ್ಲ. ಅವರಿಗೆ ಇಲ್ಲಿ ಇನ್ನೂ ದೊಡ್ಡ ಕೆಲಸ ಕಾದಿದೆ. ವಿಜಯದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿಗೆ ಚಿಪ್ಪಗಿರಿಯಲ್ಲಿ ನಡೆಯುತ್ತದೆ. ತಂಡ ಕಟ್ಟುವ ಹುಡುಗ-ಹುಡುಗಿಯರು ಗಿಟಾರ್ ಮನೆಯಲ್ಲಿಟ್ಟು, ಕಿವಿ ಮಾತ್ರ ತೆಗೆದುಕೊಂಡು ಒಮ್ಮೆ ಹೋಗಿ ಬರಲಿ. ಬೆಂಗಳೂರಿನಿಂದ ಗುಂತಕಲ್ಲಿಗೆ ನೇರ ರೈಲಿದೆ. ಅದೇ ಹಳಿ ಮುಂದೆ ಆದೋನಿ, ಮಂತ್ರಾಲಯಂ ರೋಡ್, ರಾಯಚೂರಿಗೆ ಹೋಗುತ್ತದೆ.